ಪುಟ ಹರಿದಿಲ್ಲ, ಮಡಚಿಟ್ಟಿದೆ



ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್ ಎಂದು ಹಲಗೆಯ ಮೇಲೆ ಬಾಣ ಎಳೆದು ಪಾಠ ಮುಗಿಸುತ್ತೇವೆ. ಆಗ ಒಂದು ಮಗು ಎದ್ದು, "ಎಲ್ಲಾ ಜೀವಕೋಶದಲ್ಲೂ ಒಂದೇ ಡಿಎನ್‌ಎ ಇದ್ರೆ ಕಣ್ಣು ಯಾಕೆ ಕಣ್ಣು, ಚರ್ಮ ಯಾಕೆ ಚರ್ಮ ಟೀಚರೇ?" ಅಂತ ಕೇಳಿದರೆ ಏನು ಹೇಳ್ತೀರಿ? ಉತ್ತರ ಆ ಮೊದಲ ಬಾಣದಲ್ಲೇ ಇದೆ.

ಡಿಎನ್‌ಎಯನ್ನು ಓದಿ ಆರ್‌ಎನ್‌ಎ ಬರೆಯುವುದು ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ. ನಮ್ಮ ಕೋಶಕೇಂದ್ರದಲ್ಲಿ ಇದು ಮೂರು ಬಗೆ. ಒಂದನೆಯದು ರೈಬೋಸೋಮಿನ ಆರ್‌ಎನ್‌ಎಯ ಹೆಚ್ಚಿನ ಪಾಲನ್ನು ತಯಾರಿಸುತ್ತದೆ. ಮೂರನೆಯದು ಟಿ-ಆರ್‌ಎನ್‌ಎಯಂಥ ಚಿಕ್ಕವನ್ನು. ಪ್ರೋಟೀನಿನ ಸಂದೇಶ ಒಯ್ಯುವ ಎಂ-ಆರ್‌ಎನ್‌ಎ ಎರಡನೆಯದರ ಕೆಲಸ.

ಆದರೆ ಓದೋದಕ್ಕೆ ಪುಟ ತೆರೆದಿರಬೇಕಲ್ಲ! ಒಂದು ಕೋಶದ ಡಿಎನ್‌ಎ ಬಿಡಿಸಿಟ್ಟರೆ ಸುಮಾರು 2 ಮೀಟರ್ ಉದ್ದ. ಕಣ್ಣಿಗೆ ಕಾಣದಷ್ಟು ಪುಟ್ಟ ಕೋಶಕೇಂದ್ರದಲ್ಲಿ ಅದು ಹಿಡಿಸಬೇಕು. ಅದಕ್ಕೇ ಎಂಟು ಹಿಸ್ಟೋನ್ ಪ್ರೋಟೀನುಗಳ ಒಂದೊಂದು ಉಂಡೆಗೆ ಸುಮಾರು 147 ಬೇಸ್ ಜೋಡಿಗಳಂತೆ ಸುತ್ತಿಕೊಂಡಿರುತ್ತದೆ. ಹೀಗೆ ಸುತ್ತಿದ ದಾರವೇ ಕ್ರೊಮಾಟಿನ್. ಹಿಸ್ಟೋನಿಗೆ ಅಸಿಟೈಲ್ ಗುಂಪು ಅಂಟಿದರೆ ಸುತ್ತು ಸಡಿಲವಾಗಿ ಪಾಲಿಮರೇಸಿಗೆ ದಾರಿ ಸಿಗುತ್ತದೆ. ಅದನ್ನು ಕಿತ್ತರೆ ಸುತ್ತು ಬಿಗಿ. ಜೀನ್ ಇದ್ದೂ ಇಲ್ಲದ ಹಾಗೆ.

ಇದು ಬರೀ ಪರೀಕ್ಷೆಯ ವಿಷಯ ಅಂದ್ಕೋಬೇಡಿ. ವಯನಾಡು, ನೀಲಗಿರಿ ಕಡೆ ಪಾಠ ಮಾಡುವವರಿಗೆ ಸಿಕಲ್ ಸೆಲ್ ಕಾಯಿಲೆ, ಮಲಯಾಳದ 'ಅರಿವಾಳ್ ರೋಗ', ಹೊಸದಲ್ಲ. ಬೀಟಾ ಗ್ಲೋಬಿನ್ ಜೀನಿನಲ್ಲಿ ಒಂದೇ ಅಕ್ಷರ ಬದಲಾಗಿ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಆದರೂ ಹುಟ್ಟಿದ ಮೊದಲ ಕೆಲವು ತಿಂಗಳು ಮಗುವಿಗೆ ತೊಂದರೆ ಕಾಣುವುದಿಲ್ಲ. ಯಾಕೆ? ಗರ್ಭದಲ್ಲಿರುವ ಮಗು ಬೀಟಾ ಬದಲು ಹೆಚ್ಚಾಗಿ ಗಾಮಾ ಗ್ಲೋಬಿನ್ ಬಳಸುತ್ತದೆ. ಅದು ಹುಟ್ಟಿದ ಮೇಲೂ ಸ್ವಲ್ಪ ಕಾಲ ರಕ್ತದಲ್ಲಿರುತ್ತದೆ. ಆಮೇಲೆ ಬಿಸಿಎಲ್11ಎ ಎಂಬ ಪ್ರೋಟೀನ್ ಗಾಮಾ ಜೀನಿನ ಬಳಿ ಕೂತು ಅದನ್ನು ಮುಚ್ಚಿಸುತ್ತದೆ. ಆ ಪುಟ ಹರಿದಿಲ್ಲ, ಮಡಚಿಟ್ಟಿದೆ ಅಷ್ಟೇ.

2023ರ ಕೊನೆಗೆ ಬ್ರಿಟನ್, ಅಮೆರಿಕ ಒಪ್ಪಿಗೆ ಕೊಟ್ಟ ಒಂದು ಕ್ರಿಸ್ಪರ್ ಚಿಕಿತ್ಸೆ ಕೆಟ್ಟ ಅಕ್ಷರವನ್ನು ತಿದ್ದುವುದೇ ಇಲ್ಲ. ರಕ್ತ ಹುಟ್ಟಿಸುವ ಕೋಶಗಳಲ್ಲಿ ಬಿಸಿಎಲ್11ಎಯನ್ನು ತಗ್ಗಿಸಿ, ಗಾಮಾ ಜೀನನ್ನು ಮತ್ತೆ ತೆರೆಸುತ್ತದೆ. ಅದರ ಬೆಲೆ ನಮ್ಮ ಮಕ್ಕಳ ಮನೆಗೆ ಎಟುಕದು, ನಿಜ. ವೈದ್ಯರು ಕೊಡುವ ಹೈಡ್ರಾಕ್ಸಿಯೂರಿಯಾ ಔಷಧವೂ ಗರ್ಭಕಾಲದ ಆ ಹಿಮೋಗ್ಲೋಬಿನ್ನನ್ನು ಹೆಚ್ಚಿಸುತ್ತದೆ.

ಕ್ಲಾಸಿನಲ್ಲಿ ಹೀಗೆ ಮಾಡಿ ನೋಡಿ. ಉದ್ದನೆಯ ಕಾಗದದ ಪಟ್ಟಿಯಲ್ಲಿ ಒಂದು ವಾಕ್ಯ ಬರೆಸಿ, ಅದನ್ನು ಅಲ್ಲಲ್ಲಿ ಸೀಮೆಸುಣ್ಣದ ತುಂಡುಗಳಿಗೆ ಬಿಗಿಯಾಗಿ ಸುತ್ತಿಸಿ. ಇನ್ನೊಂದು ಮಗುವಿಗೆ ಓದಲು ಕೊಡಿ. ಆಗುವುದಿಲ್ಲ. ಒಂದು ತುಂಡಿನ ಸುತ್ತು ಬಿಡಿಸಿ, ಅಷ್ಟು ಓದುತ್ತದೆ. ಬರಹ ಅದೇ, ಬದಲಾದದ್ದು ಸುತ್ತು.

ನಿಮ್ಮ ಕ್ಲಾಸಿನಲ್ಲಿ ಈ ಕಾಯಿಲೆಯ ಮಗು ಇದ್ದರೆ ಪಾಠದ ನಡುವೆಯೂ ನೀರು ಕುಡಿಯಲು, ಶೌಚಾಲಯಕ್ಕೆ ಹೋಗಲು ಬಿಡಿ. ಮೈಕೈ ನೋವು ಅಂದರೆ ನೆಪ ಅನ್ನಬೇಡಿ. "ಎಲ್ಲ ಹಣೆಬರಹ" ಅಂತಲೂ ಹೇಳಬೇಡಿ. ಆ ಮಗುವಿನ ಕೋಶಕೇಂದ್ರವಿರುವ ಪ್ರತಿ ಕೋಶದಲ್ಲೂ ಸರಿಯಾದ ಗಾಮಾ ಜೀನ್ ಇದೆ ಅನ್ನುವುದನ್ನು ಹೇಳಿಕೊಡಿ.