ಪುಣೆ: ನಮ್ಮ ಅಜ್ಜಂದಿರ ಮಳೆಗಾಲದ ರಾಜಧಾನಿ

ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಂದ ಕಾರಿನಲ್ಲಿ ಶಿರಡಿಗೆ ಹೊರಟ ಬಂಧುಗಳು ದಾರಿಯಲ್ಲಿ ಒಂದು ದಿನ ಪುಣೆಯಲ್ಲಿ ತಂಗುವುದು ಇಲ್ಲಿನ ಕನ್ನಡಿಗರ ಮನೆಗಳಲ್ಲಿ ವಾಡಿಕೆ. ದಗಡೂಶೇಠ್ ಗಣಪತಿಯ ದರ್ಶನ, ಶನಿವಾರವಾಡೆ, ಲಕ್ಷ್ಮಿ ರಸ್ತೆಯಲ್ಲಿ ಸೀರೆ, ಕೊನೆಗೆ ಒಂದಿಷ್ಟು ಬಾಕರವಡಿ; ಇಷ್ಟರಲ್ಲಿ ದಿನ ಮುಗಿಯುತ್ತದೆ. ಇದಾವುದನ್ನೂ ಬೇಡವೆನ್ನುವವರು ನಾವಲ್ಲ. ಆದರೆ ಬಂದವರು ಇದನ್ನು ಕೇವಲ ಪರರಾಜ್ಯದ ಊರೆಂದು ನೋಡಿ ಮರಳುವುದು ನಮಗೆ ಕೊರತೆಯೆನಿಸುತ್ತದೆ.

ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಬ್ರಿಟಿಷರ ಕಾಲದಲ್ಲಿ ಮುಂಬಯಿಯ ಗವರ್ನರರು ಬೇಸಗೆಯನ್ನು ಮಹಾಬಳೇಶ್ವರದಲ್ಲಿ ಕಳೆಯುತ್ತಿದ್ದರು. ಅಲ್ಲಿ ಜಡಿಮಳೆ ಹಿಡಿದೊಡನೆ, ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಪುಣೆಗೆ ಇಳಿಯುತ್ತಿದ್ದರು. ಹೀಗೆ ವರ್ಷದ ಕೆಲವು ತಿಂಗಳು ಪುಣೆಯೇ ಪ್ರಾಂತದ ರಾಜಧಾನಿ. ನಮ್ಮ ಅಜ್ಜಂದಿರ ಕಂದಾಯ, ಶಾಲೆ, ರಸ್ತೆಗಳ ವಿಚಾರ ಚರ್ಚೆಯಾದದ್ದು ಇಲ್ಲಿಯೂ ಹೌದು.

ಶನಿವಾರವಾಡೆಗೆ ಒಂದು ಗಂಟೆ ಸಾಕು. 1732ರಲ್ಲಿ ಪೇಶ್ವೆ ಮೊದಲನೆಯ ಬಾಜೀರಾಯರು ಪ್ರವೇಶ ಮಾಡಿದ ಈ ಅರಮನೆ 1828ರ ಬೆಂಕಿಗೆ ಆಹುತಿಯಾಯಿತು. ಆನೆಗಳನ್ನು ತಡೆಯಲು ಮೊಳೆ ಹೊಡೆದ ದಿಲ್ಲಿ ದರವಾಜಾ, ಕೋಟೆಗೋಡೆ, ಕಟ್ಟಡಗಳ ತಳಪಾಯ, ಇಷ್ಟೇ ಉಳಿದಿವೆ. "ಒಳಗ ಏನೂ ಇಲ್ಲಲ್ಲ?" ಎಂದು ಅತಿಥಿಗಳು ಕೇಳುವುದುಂಟು!

ಇಲ್ಲಿಂದ ಕ್ಯಾಂಪ್ ಕಡೆಗೆ ಹೋದರೆ ಕೌನ್ಸಿಲ್ ಹಾಲ್. ಮುಂಬಯಿ ಶಾಸನಸಭೆಯ ಮಳೆಗಾಲದ ಅಧಿವೇಶನಗಳು ಇಲ್ಲಿ ನಡೆಯುತ್ತಿದ್ದವು. 1930ರ ದಶಕದಲ್ಲಿ ಪ್ರಾಂತದ ಸಚಿವರಾಗಿದ್ದ ಸರ್ ಸಿದ್ದಪ್ಪ ಕಂಬಳಿಯವರು ಹುಬ್ಬಳ್ಳಿಯವರು. ಸರಕಾರಿ ಕಟ್ಟಡವಾದ್ದರಿಂದ ಹೊರಗಿನಿಂದ ನೋಡಿ ಮುಂದುವರಿಯುವುದು ಲೇಸು.

ನಮ್ಮ ಮಟ್ಟಿಗೆ ದಿನದ ಮುಖ್ಯ ತಾಣ ಗಣೇಶಖಿಂಡ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಇಲ್ಲಿ ಮಳೆಗಾಲದ ನಿವಾಸವನ್ನು ಕಟ್ಟಿಸಲು ಆರಂಭಿಸಿದನು. 1897ರ ಜೂನ್ 22ರಂದು ರಾಣಿ ವಿಕ್ಟೋರಿಯಾಳ ವಜ್ರಮಹೋತ್ಸವದ ಸಮಾರಂಭ ನಡೆದದ್ದು ಇಲ್ಲಿಯೇ. ಪ್ಲೇಗ್ ಅಧಿಕಾರಿ ರ‍್ಯಾಂಡ್ ಅಲ್ಲಿಂದ ಮರಳುವಾಗ ಚಾಫೇಕರ ಸಹೋದರರ ಗುಂಡಿಗೆ ಗುರಿಯಾದದ್ದು ಇದೇ ಗಣೇಶಖಿಂಡ ರಸ್ತೆಯಲ್ಲಿ. ಇಂದು ವಾಹನಗಳ ನಡುವೆ ಸಿಕ್ಕಿ ನಿಂತಾಗ ಈ ಕಥೆಯನ್ನು ಹೇಳಿ ಮುಗಿಸಲು ಧಾರಾಳ ಸಮಯ ಸಿಗುತ್ತದೆ. 1949ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ಈ ಭವನವೇ ಮುಖ್ಯ ಕಟ್ಟಡ; ಸುತ್ತಲಿನ ಮರಗಳ ನೆರಳಿನಲ್ಲಿ ಮಕ್ಕಳೂ ಹಿರಿಯರೂ ದಣಿವಾರಿಸಿಕೊಳ್ಳಬಹುದು.

ಸಮಯವಿದ್ದರೆ ಫರ್ಗ್ಯುಸನ್ ಕಾಲೇಜನ್ನು ತಪ್ಪಿಸಬಾರದು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವ ಮೊದಲು ಆ ಭಾಗದ ವಿದ್ಯಾರ್ಥಿಗಳು ಪದವಿಗಾಗಿ ಪುಣೆಗೋ ಮುಂಬಯಿಗೋ ಬರಬೇಕಿತ್ತು. ದ. ರಾ. ಬೇಂದ್ರೆಯವರು ಇಲ್ಲಿ ಓದಿದರು. ಅವರಿಗಿಂತ ಮೊದಲೇ ಆಲೂರು ವೆಂಕಟರಾಯರೂ ಇಲ್ಲಿ ಓದಿದ್ದರು. ಕನ್ನಡ ಜಿಲ್ಲೆಗಳನ್ನು ಈ ರಾಜಧಾನಿಯಿಂದ ಬಿಡಿಸಿ ಒಂದುಗೂಡಿಸುವ ಏಕೀಕರಣಕ್ಕಾಗಿ ದುಡಿದ ಕುಲಪುರೋಹಿತರು ಈ ರಾಜಧಾನಿಯಲ್ಲೇ ಓದಿದವರೆಂದು ತಿಳಿದಾಗ ಧಾರವಾಡದ ಅತಿಥಿಗಳು ಕಾಲೇಜಿನ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಬಾಕರವಡಿಯ ಅಂಗಡಿಗೆ ಆಮೇಲೆ ಹೋದರಾಯಿತು.