ಧ್ವನಿಪೆಟ್ಟಿಗೆ ತೆಗೆದ ಮೇಲೂ ಮಾತುಂಟು, ತೋಟದ ಕೆಲಸವೂ ಉಂಟು

ಉಳವಿ ಸುತ್ತಿನ ಬೆಳೆಗಾರರಿಗೆ ಗಂಟಲು ಕಟ್ಟುವುದು ಹೊಸ ಸಂಗತಿಯಲ್ಲ. ಮಳೆಗಾಲದ ಶೀತ, ಅಡಿಕೆ ಬೇಯಿಸುವ ಒಲೆಯ ಹೊಗೆ, ಒಣಸಿಪ್ಪೆಯ ಧೂಳು, ಹೀಗೆ ಏನಾದರೊಂದು ಕಾರಣ ಸಿಕ್ಕೇ ಸಿಗುತ್ತದೆ. ಕಷಾಯ ಕುಡಿದು ಎಂಟು ಹತ್ತು ದಿನ ಕಾಯುವುದರಲ್ಲಿ ತಪ್ಪಿಲ್ಲ. ಆದರೆ ಮೂರು ವಾರ ಕಳೆದರೂ ಸ್ವರ ತಿಳಿಯಾಗದಿದ್ದರೆ, ಅದರಲ್ಲೂ ಬೀಡಿ ಸೇದುವ ಅಭ್ಯಾಸವಿದ್ದರೆ, ಸಾಗರಕ್ಕೋ ಶಿವಮೊಗ್ಗೆಗೋ ಹೋಗಿ ಕಿವಿ, ಮೂಗು, ಗಂಟಲಿನ ವೈದ್ಯರಿಂದ ಧ್ವನಿಪೆಟ್ಟಿಗೆಯನ್ನು ನೋಡಿಸಿಕೊಳ್ಳಲೇಬೇಕು. ನುಂಗುವಾಗ ನೋವು, ಕುತ್ತಿಗೆಯಲ್ಲಿ ಗಂಟು, ಒಂದೇ ಕಿವಿಯಲ್ಲಿ ನಿಲ್ಲದ ನೋವು ಇದ್ದರಂತೂ ಒಂದು ದಿನವೂ ತಡಮಾಡಬಾರದು.

ಸ್ವರತಂತುಗಳ ಮೇಲೆ ಹುಟ್ಟುವ ಕ್ಯಾನ್ಸರ್ ಒಂದು ರೀತಿಯಲ್ಲಿ ಪ್ರಾಮಾಣಿಕ ರೋಗ. ಸಾಸಿವೆಕಾಳಿನಷ್ಟಿರುವಾಗಲೇ ದನಿ ಕೆಡಿಸಿ ಸುಳಿವು ಕೊಡುತ್ತದೆ. ಆಗಲೇ ಹೋದರೆ ವಿಕಿರಣ ಚಿಕಿತ್ಸೆಯಿಂದಲೋ ಲೇಸರಿನಿಂದಲೋ ಗುಣಪಡಿಸಿ, ಧ್ವನಿಪೆಟ್ಟಿಗೆಯನ್ನು ಉಳಿಸಿಕೊಳ್ಳುವ ಅವಕಾಶ ಹೆಚ್ಚು. ತಡವಾಗಿ, ಗಡ್ಡೆ ಮೃದ್ವಸ್ಥಿಯನ್ನು ಕೊರೆದ ಮೇಲೆ ಹೋದರೆ ಅನೇಕರಿಗೆ ಇಡೀ ಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ. ಈ ಮಾತು ಕೇಳಿದೊಡನೆ "ಮೂಕನಾಗಿ ಬದುಕುವುದಕ್ಕಿಂತ ಹೀಗೇ ಇರುತ್ತೇನೆ" ಎಂದು ಆಸ್ಪತ್ರೆಯಿಂದ ಎದ್ದು ಬರುವವರುಂಟು. ಈ ಲೇಖನ ಮುಖ್ಯವಾಗಿ ಅವರಿಗಾಗಿ, ಅವರ ಮನೆಯವರಿಗಾಗಿ.

ಈ ಶಸ್ತ್ರಕ್ರಿಯೆ ನಿನ್ನೆ ಮೊನ್ನೆಯದಲ್ಲ. ಕ್ಯಾನ್ಸರಿಗಾಗಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದ ಮೊದಲಿಗರು ವಿಯೆನ್ನಾದ ಬಿಲ್ರೋತ್. ಅದು 1873ರ ಡಿಸೆಂಬರ್ 31ರಂದು. ಆ ರೋಗಿ ಬಹುಕಾಲ ಬದುಕಲಿಲ್ಲ. ಈಗಿನ ಸ್ಥಿತಿ ಬೇರೆ. ಕಾಯಿಲೆ ಮರುಕಳಿಸದೆ ವರ್ಷಗಟ್ಟಲೆ ಬಾಳುವವರಿದ್ದಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಕ್ಯಾನ್ಸರ್ ರೋಗಿಗಳ ಸೇವೆಯಲ್ಲಿದೆ.

ಶಸ್ತ್ರಕ್ರಿಯೆಯಲ್ಲಿ ಆಗುವುದೇನೆಂದರೆ, ಪೆಟ್ಟಿಗೆಯನ್ನು ತೆಗೆದು, ಶ್ವಾಸನಾಳದ ಮೇಲ್ತುದಿಯನ್ನು ಕುತ್ತಿಗೆಯ ಮುಂಭಾಗಕ್ಕೆ ತಂದು ಹೊಲಿಯುತ್ತಾರೆ. ಅಲ್ಲಿಂದಾಚೆಗೆ ಉಸಿರಾಟವೆಲ್ಲ ಆ ರಂಧ್ರದಿಂದಲೇ. ಬಾಯಿ ಊಟಕ್ಕೆ ಮಾತ್ರ. ತೋಟದ ನೀರಿಗೆ ಹೊಸ ಕಾಲುವೆ ಕಡಿದು ಹಳೆಯದನ್ನು ಮುಚ್ಚಿದ ಹಾಗೆ.

ಇದರಿಂದ ದಿನಚರಿಯಲ್ಲಿ ಆಗುವ ವ್ಯತ್ಯಾಸಗಳನ್ನು ಆಸ್ಪತ್ರೆಯಲ್ಲಿ ಹೇಳಿ ಕಳಿಸುತ್ತಾರೆ. ಆದರೆ ತೋಟಗಾರನಿಗೆ ಅವು ಮನೆಗೆ ಬಂದ ಮೇಲೆಯೇ ಅರ್ಥವಾಗುವುದು. ಕೆರೆಯಲ್ಲಿ ಮುಳುಗು ಹಾಕುವಂತಿಲ್ಲ. ರಂಧ್ರಕ್ಕೆ ನೀರು ನುಗ್ಗಿದರೆ ನೇರ ಶ್ವಾಸಕೋಶಕ್ಕೇ. ವರದೆಯಲ್ಲೋ ದಂಡಾವತಿಯಲ್ಲೋ ಈಜುವ ಆಸೆಯನ್ನು ಬಿಡಬೇಕು. ಬಚ್ಚಲಲ್ಲಿ ಮೀಯುವಾಗಲೂ ಕತ್ತಿಗೆ ನೀರು ಎರಚದಂತೆ ಎಚ್ಚರ ಬೇಕು. ಮೂಗು ಮಾಡುತ್ತಿದ್ದ ಸೋಸುವ, ಬೆಚ್ಚಗಾಗಿಸುವ ಕೆಲಸ ತಪ್ಪಿರುವುದರಿಂದ ಮೊದಲ ತಿಂಗಳುಗಳಲ್ಲಿ ಕೆಮ್ಮು, ಕಫ ವಿಪರೀತ. ರಂಧ್ರದ ಮೇಲೆ ತೆಳುವಾದ ಒದ್ದೆಬಟ್ಟೆಯನ್ನೋ, ಅದಕ್ಕೆಂದೇ ದೊರೆಯುವ ಶೋಧಕವನ್ನೋ ಇಟ್ಟುಕೊಳ್ಳಬೇಕು. ಬೋರ್ಡೋ ಹೊಡೆಯುವ ದಿನ, ಸುಲಿದ ಸಿಪ್ಪೆ ಸುಡುವ ದಿನ ಅಂಥವರು ತೋಟದ ಕಡೆ ಬಾರದಿರುವುದೇ ಲೇಸು.

ಇನ್ನೊಂದು ಸಂಗತಿಯನ್ನು ಯಾರೂ ಊಹಿಸುವುದಿಲ್ಲ. ಭಾರ ಎತ್ತುವಾಗ ನಾವು ಗೊತ್ತಿಲ್ಲದೆಯೇ ಧ್ವನಿಪೆಟ್ಟಿಗೆಯನ್ನು ಮುಚ್ಚಿ, ಎದೆಯಲ್ಲಿ ಗಾಳಿ ಹಿಡಿದು, ಬಲ ಕೂಡಿಸುತ್ತೇವೆ. ಪೆಟ್ಟಿಗೆ ಇಲ್ಲದವನಿಗೆ ಆ ಹಿಡಿತ ಇಲ್ಲ. ಆದ್ದರಿಂದ ಮೂಟೆ ಹೊರುವುದು, ಮರ ಹತ್ತುವುದು ಮೊದಲಿನ ಹಾಗೆ ಆಗದು. ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದಿದ್ದರೆ ಹೆಗಲು ನೋಯುತ್ತದೆ, ಕೈ ಮೇಲೆತ್ತುವುದು ಕಷ್ಟ. ದೋಟಿ ಹಿಡಿಯುವವನಿಗೆ ಇದು ಸಣ್ಣ ಮಾತಲ್ಲ. ವ್ಯಾಯಾಮ ಕಲಿಸುವವರನ್ನು ಬೇಗ ಕಂಡರೆ ಬಹುಮಟ್ಟಿಗೆ ಸುಧಾರಿಸುತ್ತದೆ. ಸೀಟಿ ಊದಲಾಗದು, ಊದುಕೊಳವೆಯಿಂದ ಒಲೆ ಊದಲಾಗದು. ವಾಸನೆಯೂ ಬಹಳ ಮಟ್ಟಿಗೆ ಹೋಗುತ್ತದೆ. ಬೆಳಗಿನ ಕಾಫಿಯ ಪರಿಮಳ ತಿಳಿಯದು, ಗ್ಯಾಸ್ ಸೋರಿದರೂ ತಿಳಿಯದು. ಥೈರಾಯ್ಡ್ ಗ್ರಂಥಿ ಸೋಲುವುದುಂಟಾದ್ದರಿಂದ ವೈದ್ಯರು ಹೇಳಿದಾಗಲೆಲ್ಲ ರಕ್ತಪರೀಕ್ಷೆ ಆಗಬೇಕು.

ಇನ್ನು ಮಾತಿನ ವಿಚಾರ. ಗಾಳಿಯನ್ನು ಅನ್ನನಾಳಕ್ಕೆ ಎಳೆದು, ತೇಗಿನ ಹಾಗೆ ಹೊರಬಿಟ್ಟು ಮಾತಾಡುವುದು ಹಳೆಯ ವಿದ್ಯೆ. ಖರ್ಚಿಲ್ಲ, ಆದರೆ ತಿಂಗಳುಗಟ್ಟಲೆ ಅಭ್ಯಾಸ ಬೇಕು, ಎಲ್ಲರಿಗೂ ಒಲಿಯುವುದಿಲ್ಲ. ಟಾರ್ಚಿನಂಥ ಯಂತ್ರವನ್ನು ಕುತ್ತಿಗೆಗೆ ಒತ್ತಿ ಮಾತಾಡುವುದು ಇನ್ನೊಂದು. ದನಿ ಯಂತ್ರದ್ದೇ, ಆದರೂ ಅರ್ಥವಾಗುತ್ತದೆ. ಮೂರನೆಯದು ಅಮೆರಿಕದ ಸಿಂಗರ್ ಮತ್ತು ಬ್ಲಾಮ್ 1980ರಲ್ಲಿ ಪ್ರಕಟಿಸಿದ ವಿಧಾನ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಸಣ್ಣ ತೂತು ಮಾಡಿ, ಒಮ್ಮುಖ ಕವಾಟ ಕೂರಿಸುತ್ತಾರೆ. ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಕವಾಟದ ಮೂಲಕ ಗಂಟಲಿಗೆ ಹೋಗಿ ದನಿಯಾಗುತ್ತದೆ. ಕವಾಟ ಶಾಶ್ವತವಲ್ಲ. ಕುಡಿದ ನೀರು ಕವಾಟದಿಂದ ಸೋರಿ ಕೆಮ್ಮು ಬಂದರೆ ಬದಲಿಸುವ ಕಾಲ ಬಂತೆಂದು ತಿಳಿಯಬೇಕು.

ಬಡವನಿಗೆ ಅಡ್ಡ ಬರುತ್ತಿದ್ದುದು ಈ ಬದಲಿಸುವ ಖರ್ಚೇ. ಆಮದಾದ ಕವಾಟಕ್ಕೆ ಹಲವು ಸಾವಿರ ರೂಪಾಯಿ. ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ಉದ್ಯಮಿ ಮಿತ್ರ ಶಶಾಂಕ್ ಮಹೇಶ್ ಅವರೊಡನೆ ಸೇರಿ ರೂಪಿಸಿದ 'ಓಂ' ಎಂಬ ಕವಾಟ 2015-16ರ ಸುಮಾರಿಗೆ ಸುದ್ದಿಯಾಯಿತು. ಅದಕ್ಕೆ ಹೇಳಿದ ಬೆಲೆ ಸುಮಾರು 50 ರೂಪಾಯಿ. ಕನ್ನಡ ನಾಡಿನ ವೈದ್ಯರೊಬ್ಬರು ಬಡರೋಗಿಯ ಜೇಬು ನೋಡಿ ಮಾಡಿದ ಕೆಲಸವೆಂದು ಇದನ್ನು ಮೆಚ್ಚಬೇಕು. ಯಾವ ಕವಾಟ ದೊರೆಯುತ್ತದೆ, ಬದಲಿಸಲು ಎಲ್ಲಿಗೆ ಬರಬೇಕು ಎಂಬುದನ್ನು ಶಸ್ತ್ರಕ್ರಿಯೆಗೆ ಮೊದಲೇ ಕೇಳಿಕೊಳ್ಳಿ. ಮಾತಿನ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಖರ್ಚಿನ ಬಗ್ಗೆ ಹೇಳುವುದಾದರೆ, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಪಡಿತರ ಚೀಟಿ, ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ಕಾರಣದ ಮಾತನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ಮುಖ್ಯ ಕಾರಣ ಬೀಡಿ, ಸಿಗರೇಟು. ಜೊತೆಗೆ ಮದ್ಯವೂ ಸೇರಿದರೆ ಅಪಾಯ ಇಮ್ಮಡಿಗೂ ಮಿಗಿಲು. ನಮ್ಮ ಕವಳದ ವಿಚಾರವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಪಟ್ಟಿಗೆ ಸೇರಿಸಿತು. ಹೊಗೆಸೊಪ್ಪಿಲ್ಲದ ಕವಳವೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಅದರ ಅಭಿಪ್ರಾಯ. ಬೆಳೆಗಾರರಿಗೆ ಈ ತೀರ್ಮಾನದ ಮೇಲೆ ತಕರಾರಿದೆ. ಆ ವಾದ ನಡೆಯಬೇಕಾದಲ್ಲಿ ನಡೆಯಲಿ. ಅಡಿಕೆ ಮಾರಿ ಉಣ್ಣುವವರ ಪತ್ರಿಕೆ ಇದನ್ನು ಸದಸ್ಯರಿಂದ ಮುಚ್ಚಿಡುವುದು ಮಾತ್ರ ನ್ಯಾಯವಲ್ಲ. ಕವಳದಿಂದ ಹೊಗೆಸೊಪ್ಪನ್ನಾದರೂ ಇಂದೇ ತೆಗೆಯಲು ಯಾರ ತೀರ್ಮಾನಕ್ಕೂ ಕಾಯಬೇಕಾಗಿಲ್ಲ.

ಮನೆಯವರು ತಪ್ಪದೆ ತಿಳಿದಿರಬೇಕಾದ ಒಂದು ವಿಷಯ: ಇಂಥ ವ್ಯಕ್ತಿ ಪ್ರಜ್ಞೆ ತಪ್ಪಿ ಬಿದ್ದರೆ ಬಾಯಿಗೆ ಬಾಯಿಟ್ಟು ಊದಿ ಪ್ರಯೋಜನವಿಲ್ಲ. ಉಸಿರು ಕೊಡುವುದಾಗಲಿ ಆಮ್ಲಜನಕ ಹಿಡಿಯುವುದಾಗಲಿ ಕುತ್ತಿಗೆಯ ರಂಧ್ರಕ್ಕೇ ಆಗಬೇಕು. "ನಾನು ಕುತ್ತಿಗೆಯಿಂದ ಉಸಿರಾಡುವವನು" ಎಂದು ಬರೆದ ಚೀಟಿಯೊಂದು ಅಂಗಿಯ ಜೇಬಿನಲ್ಲಿ ಸದಾ ಇರಲಿ. ಆಂಬ್ಯುಲೆನ್ಸಿನವರು ಬಂದಾಗ ಅದನ್ನು ಮೊದಲು ಅವರ ಕೈಗೆ ಕೊಡಿ.