ಬಿಸ್ಮತ್‌ನ ಪದರ ಹರಳುಗಳು: ಕಲ್ಪನೆ ಏನು, ಸತ್ಯ ಏನು

ಪ್ರಯೋಗಾಲಯದಲ್ಲಿ ಲವಣ ವಿಶ್ಲೇಷಣೆ ಮಾಡಿದವರಿಗೆ ಬಿಸ್ಮತ್ ಪರೀಕ್ಷೆ ನೆನಪಿರಬಹುದು. ಬಿಸ್ಮತ್ ಕ್ಲೋರೈಡ್ ದ್ರಾವಣಕ್ಕೆ ಧಾರಾಳವಾಗಿ ನೀರು ಸೇರಿಸಿದರೆ ಬಿಳಿ ಕದಡು ಏಳುತ್ತದೆ. ‘ಬಿಳಿ ಪ್ರಕ್ಷೇಪ’ ಎಂದು ಬರೆದುಕೊಂಡು ಮುಂದಿನ ಪರೀಕ್ಷೆಗೆ ಹೋಗುತ್ತೇವೆ. ಆ ಬಿಳಿ ಪುಡಿಯೇ ಬಿಸ್ಮತ್ ಆಕ್ಸಿಕ್ಲೋರೈಡ್. ಲೋಹ, ಆಮ್ಲಜನಕ, ಹ್ಯಾಲೊಜನ್ ಮೂರೂ ಸೇರಿದ ಆಕ್ಸಿಹ್ಯಾಲೈಡ್‌ಗಳಲ್ಲಿ ಹೆಚ್ಚು ಪರಿಚಿತವಾದದ್ದು. ಈ ವಸ್ತುಗಳ ಬಗ್ಗೆ ಓದಿದವರಲ್ಲೂ ಕೆಲವು ತಪ್ಪು ಕಲ್ಪನೆಗಳು ಉಳಿದುಬಿಟ್ಟಿವೆ. ಏನೇನು ಸೇರಿದೆ ಎಂದು ನೋಡಿ, ಯಾವುದು ಎಲ್ಲಿ ಕೂತಿದೆ ಎಂದು ಕೇಳದಿರುವುದೇ ಅದಕ್ಕೆ ಕಾರಣ ಎಂದು ನನಗನ್ನಿಸುತ್ತದೆ.

ಕಲ್ಪನೆ: ಇವು ಆಕ್ಸೈಡ್ ಮತ್ತು ಕ್ಲೋರೈಡ್‌ಗಳ ಮಿಶ್ರಣ.

ಅಲ್ಲ. ಇದು ಒಂದೇ ಸಂಯುಕ್ತ, ಅದರೊಳಗೆ ಪ್ರತಿ ಅಯಾನಿಗೂ ಗೊತ್ತಾದ ಜಾಗವಿದೆ. ಸ್ವೀಡನ್ನಿನ ಲಾರ್ಸ್ ಗುನ್ನಾರ್ ಸಿಲೆನ್ ಇಂಥ ಹರಳುಗಳ ರಚನೆಯನ್ನು ಎಕ್ಸ್-ಕಿರಣಗಳಿಂದ ಬಿಡಿಸಿ ತೋರಿಸಿದವರಲ್ಲಿ ಪ್ರಮುಖರು. ಬಿಸ್ಮತ್ ಮತ್ತು ಆಮ್ಲಜನಕ ಸೇರಿ ಧನಾವೇಶದ ಗಟ್ಟಿ ಹಲಗೆಯಾಗುತ್ತವೆ. ಅದರ ಮೇಲೊಂದು, ಕೆಳಗೊಂದು ಕ್ಲೋರೈಡ್ ಸಾಲು ಇರುತ್ತದೆ.

ಕಲ್ಪನೆ: ಪದರವಿದ್ದ ಮೇಲೆ ಪುಸ್ತಕದ ಹಾಳೆಗಳಂತೆ ಸುಲಭವಾಗಿ ಬಿಡಿಸಿಕೊಳ್ಳುತ್ತವೆ.

ಬಿಸ್ಮತ್ ಆಕ್ಸಿಕ್ಲೋರೈಡ್‌ನಲ್ಲಿ ಇದು ಬಹುಮಟ್ಟಿಗೆ ನಿಜ. ಒಂದರ ಮೇಲೊಂದು ಬಂದ ಎರಡು ಕ್ಲೋರೈಡ್ ಸಾಲುಗಳ ನಡುವೆ ದುರ್ಬಲ ಸೆಳೆತ ಮಾತ್ರ ಇರುವುದರಿಂದ ಹರಳು ಅಲ್ಲಿ ತೆಳುವಾಗಿ ಸೀಳುತ್ತದೆ. ಆದರೆ ಅರ್ಧದಷ್ಟು ಬಿಸ್ಮತ್ ಜಾಗಕ್ಕೆ ಸೀಸ ಬಂದಾಗ ಏನಾಗುತ್ತದೆ ನೋಡಿ. ಬಿಸ್ಮತ್ ಅಯಾನಿನಲ್ಲಿ ಮೂರು ಧನಾವೇಶ, ಸೀಸದಲ್ಲಿ ಎರಡೇ. ಹಲಗೆಯ ಒಟ್ಟು ಆವೇಶ ಅರ್ಧಕ್ಕಿಳಿಯುತ್ತದೆ, ಅದನ್ನು ಸರಿದೂಗಿಸಲು ಬೇಕಾದ ಕ್ಲೋರೈಡೂ ಅರ್ಧವಾಗುತ್ತದೆ. ಎರಡು ಸಾಲಿದ್ದಲ್ಲಿ ಒಂದೇ ಸಾಲು ಉಳಿದು, ಮೇಲಿನ ಹಲಗೆಯನ್ನೂ ಕೆಳಗಿನದನ್ನೂ ಹಿಡಿದುಕೊಳ್ಳುತ್ತದೆ. ಬಿರುಕು ಬಿಡುವ ಆ ಸಂದು ಮಾಯ! ಸ್ವೀಡನ್ನಿನ ಲಾಂಗ್‌ಬಾನ್ ಗಣಿಯಲ್ಲಿ ಸಿಕ್ಕ ಪೆರೈಟ್ ಎಂಬ ಖನಿಜದ ಸಂಯೋಜನೆ ಇದೇ. ಒಂದು ಲೋಹ ಬದಲಾದದ್ದಕ್ಕೆ ಇಡೀ ಹರಳಿನ ಕಟ್ಟೋಣ ಬದಲಾಗುವುದು ನನಗೆ ಈ ವಿಷಯದ ಅತ್ಯಂತ ಸೊಗಸಾದ ಭಾಗ.

ಕಲ್ಪನೆ: ಬಿಸ್ಮತ್ ಸೀಸದ ಪಕ್ಕದ ಧಾತು, ಆದ್ದರಿಂದ ಅಷ್ಟೇ ವಿಷ.

ಹೊಟ್ಟೆ ಕೆಟ್ಟಾಗ ಕೊಡುವ ಕೆಲವು ಔಷಧಗಳಲ್ಲಿ ಬಿಸ್ಮತ್ ಲವಣವಿದೆ, ಮುತ್ತಿನ ಹೊಳಪಿನ ಸೌಂದರ್ಯವರ್ಧಕಗಳಲ್ಲಿ ಬಿಸ್ಮತ್ ಆಕ್ಸಿಕ್ಲೋರೈಡ್ ಇದೆ. ಮಿತಿಮೀರಿ ಸೇವಿಸಿದರೆ ಹಾನಿ ಉಂಟು, ಆದರೆ ಸೀಸಕ್ಕೆ ಹೋಲಿಸಿದರೆ ಇದು ಬಹಳ ಸೌಮ್ಯ. ಸೀಸ ಬೆರೆತ ಆಕ್ಸಿಹ್ಯಾಲೈಡ್‌ಗೆ ಈ ಮಾತು ಅನ್ವಯಿಸುವುದಿಲ್ಲ.

ಕಲ್ಪನೆ: ಬಣ್ಣ ಗಾಢವಾದಷ್ಟೂ ಹೆಚ್ಚು ಬಿಸಿಲು ಹೀರುತ್ತದೆ, ಆದ್ದರಿಂದ ಅದೇ ಉತ್ತಮ ದ್ಯುತಿವೇಗವರ್ಧಕ.

ಬೆಳಕು ಹೀರಿ, ಆ ಶಕ್ತಿಯಿಂದ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತುವೇ ದ್ಯುತಿವೇಗವರ್ಧಕ; ಈ ಪುಡಿಗಳನ್ನು ಹಾಗೂ ಬಳಸುತ್ತಾರೆ. ಕ್ಲೋರಿನ್ ಬದಲು ಬ್ರೋಮಿನ್, ಅಯೋಡಿನ್ ಬಂದಂತೆ ಬಿಳಿ ಪುಡಿ ತೆಳು ಹಳದಿಗೂ ಇಟ್ಟಿಗೆ ಕೆಂಪಿಗೂ ತಿರುಗುತ್ತದೆ. ಎಲೆಕ್ಟ್ರಾನ್ ದಾಟಬೇಕಾದ ಶಕ್ತಿಯ ಅಂತರ 3 ಎಲೆಕ್ಟ್ರಾನ್ ವೋಲ್ಟ್‌ಗೂ ಮೇಲಿದ್ದದ್ದು 2ಕ್ಕಿಂತ ಕೆಳಗಿಳಿಯುತ್ತದೆ. ಕೆಂಪು ಪುಡಿ ಹೆಚ್ಚು ಬೆಳಕು ಹೀರುವುದೇನೋ ನಿಜ, ಆದರೆ ಅದರ ಉತ್ಕರ್ಷಣ ಬಲ ಕುಗ್ಗಿರುತ್ತದೆ. ಸಾಲದ್ದಕ್ಕೆ ಬೆಳಕು ಬಿದ್ದಾಗ ಹ್ಯಾಲೈಡೇ ಉತ್ಕರ್ಷಣಗೊಂಡು ಹರಳು ಸವೆಯಬಹುದು. ಇದಕ್ಕೊಂದು ದಾರಿ 2016ರಲ್ಲಿ ಜಪಾನಿನ ಕ್ಯೋಟೋದಲ್ಲಿ ಕಂಡಿತು. ಪದರಗಳ ನಡುವೆ ನಯೋಬಿಯಂ ಆಕ್ಸೈಡ್‌ನ ಹಲಗೆಯನ್ನೂ ಸೇರಿಸಿದ ಆಕ್ಸಿಕ್ಲೋರೈಡ್‌ನಲ್ಲಿ, ಬೆಳಕು ಬಿದ್ದಾಗ ಮೊದಲು ಎಲೆಕ್ಟ್ರಾನ್ ಬಿಟ್ಟುಕೊಡುವುದು ಕ್ಲೋರೈಡ್ ಅಲ್ಲ, ಆಮ್ಲಜನಕ. ಆದ್ದರಿಂದಲೇ ಅದು ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೀರಿನಿಂದ ಆಮ್ಲಜನಕ ಬಿಡಿಸುತ್ತಲೇ ತಾನು ಹಾಳಾಗದೆ ಉಳಿಯಿತು.

ಕಲ್ಪನೆ: ಬಣ್ಣ ಹೋಯಿತೆಂದರೆ ನೀರು ಶುದ್ಧವಾಯಿತು.

ಎಲ್ಲಕ್ಕಿಂತ ಅಪಾಯದ ಕಲ್ಪನೆ ಇದು. ಬೆಳಕಿನಲ್ಲಿ ನೀರಿನ ಕಲ್ಮಶ ಒಡೆಯುವ ಇಂಥ ಪುಡಿಗಳ ಶಕ್ತಿ ತೋರಿಸಲು ಸಂಶೋಧಕರು ಮತ್ತೆ ಮತ್ತೆ ಬಳಸುವ ಬಣ್ಣ ರೋಡಮೈನ್-ಬಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕಾಟನ್ ಕ್ಯಾಂಡಿಯಲ್ಲಿ ಬಳಸಬಾರದೆಂದು ಹೇಳಿದ ಗುಲಾಬಿ ಬಣ್ಣ ಇದೇ. ಬಿಳಿಯ ಬಿಸ್ಮತ್ ಆಕ್ಸಿಕ್ಲೋರೈಡ್ ಕಣ್ಣಿಗೆ ಕಾಣುವ ಬೆಳಕನ್ನು ಹೀರುವುದೇ ಇಲ್ಲವೆನ್ನಬಹುದು. ಆದರೂ ಆ ಬೆಳಕಿನಲ್ಲಿ ರೋಡಮೈನ್ ಮಾಸುತ್ತದೆ. ಏಕೆಂದರೆ ಬೆಳಕು ಹೀರುವುದು ಬಣ್ಣದ ಅಣು. ಅದು ತನ್ನ ಎಲೆಕ್ಟ್ರಾನನ್ನು ಪುಡಿಗೆ ದಾಟಿಸಿ ತಾನೇ ಒಡೆಯತೊಡಗುತ್ತದೆ. ಬಣ್ಣವಿಲ್ಲದ ಕೀಟನಾಶಕವನ್ನೋ ಔಷಧದ ಉಳಿಕೆಯನ್ನೋ ಅದೇ ಬೆಳಕಿನಲ್ಲಿ ಇಟ್ಟರೆ ಈ ದಾರಿ ತೆರೆಯುವುದಿಲ್ಲ. ಇನ್ನೊಂದು ವಿಷಯ: ರೋಡಮೈನ್‌ನ ಅಂಚಿನ ಈಥೈಲ್ ಗುಂಪುಗಳು ಕಳಚಿದರೂ ಗುಲಾಬಿ ಹೋಗಿ ಹಸಿರು ಮಿಶ್ರಿತ ಹಳದಿ ಬರುತ್ತದೆ, ಅಣುವಿನ ಮುಖ್ಯ ಚೌಕಟ್ಟು ನೀರಿನಲ್ಲೇ ಇರುತ್ತದೆ. ‘ಬಿಸಿಲಿನಿಂದ ನೀರು ಶುದ್ಧಿ’ ಎಂಬ ಸುದ್ದಿ ಬಂದಾಗ ಎರಡು ಪ್ರಶ್ನೆ ಕೇಳಬೇಕು: ಬಣ್ಣವಿಲ್ಲದ ಕಲ್ಮಶದ ಮೇಲೂ ಪರೀಕ್ಷೆ ನಡೆಯಿತೇ? ನೀರಿನಲ್ಲಿ ಉಳಿದ ಒಟ್ಟು ಸಾವಯವ ಇಂಗಾಲವನ್ನು ಅಳೆದರೇ?